ತುಂಟ ಮರಿ ಇರುವ ಮನೆಗೆ ವಯಸ್ಸಾದ ನಾಯಿ ನೆಂಟನಾಗಿ ಬಂದಾಗ

ಈಗ ನೆಂಟರು ಬರುವಾಗ ನಾಯಿಯನ್ನೂ ಕರೆದುಕೊಂಡೇ ಬರುತ್ತಾರೆ. ದೀಪಾವಳಿ ಇರಲಿ, ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆ ಇರಲಿ, ದಾವಣಗೆರೆಯಲ್ಲಿ ಮನೆ ಮುಂದೆ ಕಾರು ನಿಂತು ಬಾಗಿಲು ತೆರೆದರೆ ಮೊದಲು ಇಳಿಯೋದು ಲ್ಯಾಬ್ರಡಾರೋ ಪೊಮೇರಿಯನ್ನೋ ಆಗಿರುತ್ತದೆ. ಊರಲ್ಲೇ ಬಿಟ್ಟು ಬರೋಣ ಅಂದರೆ ನೋಡಿಕೊಳ್ಳೋರು ಇರಲ್ಲ, ಅವರಾದರೂ ಏನು ಮಾಡಬೇಕು? ಇತ್ತ ನಮ್ಮ ಮನೆಯಲ್ಲಿ ಮೂರ್ನಾಲ್ಕು ತಿಂಗಳ ಮರಿ. ಅದಕ್ಕೆ ಎದುರಿಗೆ ಬಂದವರೆಲ್ಲ ಆಟದ ಗೆಳೆಯರೇ. ಬಂದ ನಾಯಿಗೆ ಒಂಬತ್ತೋ ಹತ್ತೋ ವರ್ಷ. ಅದಕ್ಕೆ ಬೇಕಿರೋದು ಒಂದು ಮೂಲೆ, ಒಂದು ಬಟ್ಟಲು ನೀರು, ಸ್ವಲ್ಪ ನೆಮ್ಮದಿ.

ಇಂಥ ಹೊತ್ತಿನಲ್ಲಿ ಮನೆಯ ಹಿರಿಯರು ಹೇಳೋದು ಒಂದೇ ಮಾತು: "ಬಿಡ್ರಿ, ಅವು ನಾಯಿ. ಅವೇ ಹೊಂದ್ಕಂತಾವೆ." ಎಷ್ಟೋ ಸಲ ಹೊಂದಿಕೊಳ್ಳುತ್ತವೆ ಕೂಡ. ಆದರೆ ಹೇಗೆ ಅಂತ ಹತ್ತಿರದಿಂದ ನೋಡಿದರೆ, ದೊಡ್ಡದು ಸಹಿಸಿ ಸಹಿಸಿ ಕೊನೆಗೊಮ್ಮೆ ಕಚ್ಚಿರುತ್ತದೆ, ಇಲ್ಲಾ ಬಂದಷ್ಟು ದಿನವೂ ಮಂಚದ ಕೆಳಗೇ ಕಳೆದಿರುತ್ತದೆ. ಮರಿಗೆ ಬುದ್ಧಿ ಕಲಿಸೋ ಕೆಲಸವನ್ನು ಬಂದ ನಾಯಿಯ ಮೇಲೆ ಹಾಕಬಾರದು. ಅದು ಮನೆಯವರ ಕೆಲಸ. ದೊಡ್ಡ ನಾಯಿ ಸಣ್ಣದಾಗಿ "ಸಾಕು" ಅಂದಾಗಲೇ ನಾವು ಗಮನಿಸಿ ಮರಿಯನ್ನು ಈಚೆ ಕರೆದುಕೊಂಡರೆ, ಅದು ಜೋರಾಗಿ ಹೇಳೋ ಪ್ರಸಂಗವೇ ಬರಲ್ಲ. ಮುಂದೆ ಹೇಳೋದೆಲ್ಲ ಇದನ್ನು ಸಾಧಿಸೋ ದಾರಿ.

ಇಬ್ಬರ ಕಷ್ಟ ಬೇರೆ ಬೇರೆ

ಮರಿ ಕೆಟ್ಟದ್ದಲ್ಲ. ಅದಕ್ಕೆ ದೊಡ್ಡವರ ಮುಖಭಾವ ಓದೋದು ಇನ್ನೂ ಗೊತ್ತಿಲ್ಲ, ಅಷ್ಟೇ. ಬಾಯಲ್ಲಿ 28 ಹಾಲುಹಲ್ಲು, ಒಂದೊಂದೂ ಸೂಜಿಯ ಹಾಗೆ. ನಾಲ್ಕನೇ ತಿಂಗಳಿಂದ ಆರೇಳು ತಿಂಗಳವರೆಗೆ ಈ ಹಲ್ಲು ಬಿದ್ದು ಹೊಸ ಹಲ್ಲು ಬರುತ್ತವೆ. ಆಗ ಒಸಡು ಕಡಿತ ಜಾಸ್ತಿ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಚಪ್ಪಲಿ ಆಯ್ತು, ಸೀರೆ ಸೆರಗು ಆಯ್ತು, ಈಗ ನೆಂಟರ ನಾಯಿಯ ಕಿವಿ.

ವಯಸ್ಸಾದ ನಾಯಿಗೆ ಸೊಂಟ, ಮೊಣಕಾಲು ನೋವು ಇರೋದು ಬಹಳ ಸಾಮಾನ್ಯ. ನಾಯಿಗಳು ನೋವನ್ನು ಬಾಯಿಬಿಟ್ಟು ಹೇಳಲ್ಲ. ಮೆಟ್ಟಿಲು ಹತ್ತೋಕೆ ಹಿಂದೆಮುಂದೆ ನೋಡೋದು, ಮಲಗಿದಲ್ಲಿಂದ ಏಳೋಕೆ ಹೊತ್ತು ಮಾಡೋದು, ಇವೇ ಗುರುತು. ಕಣ್ಣು ಮಂಜಾಗಿರಬಹುದು, ಕಿವಿ ಮಂದವಾಗಿರಬಹುದು. ಅಂಥದ್ದರ ಬೆನ್ನ ಮೇಲೆ ಮರಿ ಹಿಂದಿನಿಂದ ಹಾರಿ ಬಿದ್ದರೆ ಅದು ಬೆಚ್ಚಿ ಬಾಯಿ ಹಾಕೋದು ಸಹಜ. ಜತೆಗೆ ಅದು ತನ್ನ ಮನೆಯಲ್ಲೂ ಇಲ್ಲ. ವಾಸನೆ ಹೊಸದು, ಜನ ಹೊಸಬರು, ಬಚ್ಚಿಟ್ಟುಕೊಳ್ಳೋ ಜಾಗ ಯಾವುದು ಅಂತಲೂ ಗೊತ್ತಿಲ್ಲ.

ಇನ್ನೊಂದು ವಿಷಯ ಬಹಳ ಜನ ಗಮನಿಸಲ್ಲ. ದೊಡ್ಡ ನಾಯಿಗಳು ಚಿಕ್ಕ ಮರಿಗಳಿಗೆ ಸಾಮಾನ್ಯವಾಗಿ ಒಂದಿಷ್ಟು ರಿಯಾಯಿತಿ ಕೊಡುತ್ತವೆ. ಮೂರು ತಿಂಗಳ ಮರಿ ಮುಖಕ್ಕೆ ಹಾರಿದರೂ ಸುಮ್ನೆ ಇರುತ್ತವೆ. ಮರಿಗೆ ನಾಲ್ಕೈದು ತಿಂಗಳು ದಾಟುತ್ತಿದ್ದ ಹಾಗೆ ಆ ತಾಳ್ಮೆ ಕಡಿಮೆಯಾಗುತ್ತದೆ. "ಹೋದ ಸಲ ಎಷ್ಟು ಚೆನ್ನಾಗಿದ್ವು, ಈ ಸಲ ಯಾಕೆ ಹೀಗೆ?" ಅಂತ ಕೇಳೋರ ಮನೆಯಲ್ಲಿ ಆಗಿರೋದು ಸಾಮಾನ್ಯವಾಗಿ ಇದೇ.

ನೆಂಟರು ಹೊರಡುವ ಮುಂಚೆಯೇ ಒಂದು ಫೋನ್ ಮಾಡಿ

ಊಟಕ್ಕೆ ಏನು ಮಾಡಲಿ ಅಂತ ಕೇಳೋಕೆ ಹೇಗೂ ಫೋನ್ ಮಾಡ್ತೀರಿ. ಅದರ ಜತೆ ನಾಯಿಯ ಬಗ್ಗೆಯೂ ನಾಲ್ಕು ಮಾತು ಕೇಳಿ. ಅಕ್ಕ, ನಿಮ್ಮ ನಾಯಿ ಬೇರೆ ನಾಯಿಗಳ ಜತೆ ಹೇಗಿರುತ್ತೆ? ತಟ್ಟೆ ಹತ್ತಿರ ಯಾರಾದ್ರೂ ಹೋದ್ರೆ ಗುರ್ ಅನ್ನುತ್ತಾ? ಎಲ್ಲಾದ್ರೂ ನೋವಿದೆಯಾ, ಮಾತ್ರೆ ನಡೀತಿದೆಯಾ? ಹಿಂದೆ ಯಾವ ನಾಯಿಗಾದ್ರೂ ಕಚ್ಚಿದೆಯಾ? ಹೆಣ್ಣು ನಾಯಿಯಾದರೆ ಬೆದೆಗೆ ಬಂದಿದೆಯಾ ಅಂತಲೂ ಕೇಳಬೇಕು. ನಿಮ್ಮದು ಆರು ತಿಂಗಳು ದಾಟಿದ ಗಂಡು ಮರಿಯಾದರೆ ಆ ಹೊತ್ತಿನಲ್ಲಿ ಎರಡನ್ನೂ ಒಂದೇ ಮನೆಯಲ್ಲಿಡೋದು ಬೇಡ. ಇದನ್ನು ಕೇಳೋಕೆ ಸಂಕೋಚ ಬೇಡ. ಬಂದ ಮೇಲೆ ರಕ್ತ ಬರೋದಕ್ಕಿಂತ ಮೊದಲೇ ಕೇಳೋದು ಮೇಲು, ಅಲ್ವಾ?

ಲಸಿಕೆ ವಿಷಯ ಎರಡೂ ಕಡೆ ನೋಡಿಕೊಳ್ಳಿ. ಮರಿಗೆ ಮೊದಲ ಲಸಿಕೆ ಆರರಿಂದ ಎಂಟು ವಾರದಲ್ಲಿ ಶುರು. ಆಮೇಲೆ ಮೂರು-ನಾಲ್ಕು ವಾರಕ್ಕೊಂದರಂತೆ 16 ವಾರ ತುಂಬುವವರೆಗೆ ಹಾಕಿಸಬೇಕು. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಈ ಸರದಿ ಮುಗಿಯದ ಮರಿಯನ್ನು ಬೀದಿನಾಯಿಗಳು ಓಡಾಡೋ ಜಾಗದಲ್ಲಿ, ಕುಂದುವಾಡ ಕೆರೆ ಏರಿಯ ಮೇಲೆ, ಪಾರ್ಕಿನ ಹುಲ್ಲಿನಲ್ಲಿ ನೆಲಕ್ಕೆ ಬಿಡಬೇಡಿ. ಮರಿಗಳಿಗೆ ವಾಂತಿ-ಭೇದಿ ತಂದು ಪ್ರಾಣವನ್ನೇ ತೆಗೆಯಬಲ್ಲ ಪಾರ್ವೊ ರೋಗದ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಹಾಗಂತ ಮರಿಯನ್ನು ಯಾವ ನಾಯಿಗೂ ತೋರಿಸದೆ ಬೆಳೆಸೋದೂ ಸರಿಯಲ್ಲ. ಮೂರನೇ ವಾರದಿಂದ ಸುಮಾರು 14ನೇ ವಾರದವರೆಗೆ ಕಂಡದ್ದು, ಮುಟ್ಟಿದ್ದು, ಕೇಳಿದ್ದು ಮರಿಯ ತಲೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಲಸಿಕೆ ಆಗಿರೋ, ಆರೋಗ್ಯವಾಗಿರೋ ನೆಂಟರ ನಾಯಿಯನ್ನು ನಮ್ಮದೇ ಕಾಂಪೌಂಡಿನಲ್ಲಿ ಭೇಟಿ ಮಾಡಿಸೋದು ಆ ವಯಸ್ಸಿಗೆ ಒಳ್ಳೇ ಪಾಠ. ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿಕೊಂಡು ಮಾಡಿ.

ಹೊರಡೋ ಮುಂಚೆ ನಾಯಿಯ ಕಿವಿ ಒಳಗೆ, ಕಾಲ್ಬೆರಳ ಸಂದಿಯಲ್ಲಿ ರಕ್ತ ಹೀರೋ ಉಣ್ಣೆ ಹುಳ ಇದೆಯಾ ನೋಡೋಕೂ ಹೇಳಿ. ನಿಮ್ಮ ಮರಿಗೂ ಅದೇ ಪರೀಕ್ಷೆ ಆಗಲಿ. ಕೆಮ್ಮುತ್ತಿರೋ ನಾಯಿ, ಭೇದಿ ಆಗುತ್ತಿರೋ ಮರಿ ಇದ್ದರೆ ಭೇಟಿ ಮುಂದಕ್ಕೆ ಹಾಕಿ.

ಆ ವಾರ ಮರಿಗೆ ಕಲಿಸಬೇಕಾದದ್ದು

ಜಾಸ್ತಿ ಏನೂ ಬೇಡ, ಎರಡು ವಿದ್ಯೆ ಸಾಕು. ಒಂದು, ಹೆಸರು ಕರೆದ ತಕ್ಷಣ ಮಾಡ್ತಿರೋದನ್ನು ಬಿಟ್ಟು ನಮ್ಮ ಕಡೆ ಬರೋದು. ಇನ್ನೊಂದು, ಮುಚ್ಚಿದ ಕೋಣೆಯಲ್ಲಿ ಅಳದೆ ಸ್ವಲ್ಪ ಹೊತ್ತು ಇರೋದು.

ಕರೆದಾಗ ಬರೋದಕ್ಕೆ ಬೇಯಿಸಿದ ಕೋಳಿ ಮಾಂಸದ ಚೂರು ಉತ್ತಮ. ಮನೆಯಲ್ಲಿ ಮಾಂಸ ಮಾಡಲ್ಲ ಅಂದರೆ ಪನೀರಿನ ಕಾಳಿನಷ್ಟು ಚೂರು, ಬೇಯಿಸಿದ ಕುಂಬಳಕಾಯಿ. ಮೊದಲು ಖಾಲಿ ಹಾಲಿನಲ್ಲಿ ಕರೆಯಿರಿ, ಆಮೇಲೆ ಆಟದ ಮಧ್ಯೆ, ಆಮೇಲೆ ಗೇಟಿನಾಚೆ ಯಾರೋ ಹೋಗ್ತಿರುವಾಗ. ಒಂದು ನಿಯಮ ಮರೀಬೇಡಿ: ಬಂದ ಮೇಲೆ ತಿನ್ನೋಕೆ ಕೊಟ್ಟು ಮತ್ತೆ ಆಟಕ್ಕೆ ಬಿಡಬೇಕು. ಕರೆದಾಗಲೆಲ್ಲ ಕಟ್ಟಿ ಹಾಕಿದರೆ ಮರಿ ನಾಲ್ಕನೇ ಸಲಕ್ಕೆ ಬರೋದೇ ಇಲ್ಲ. ಕರೆದರೆ ಲಾಭ ಇದೆ, ಆಟವೂ ಹೋಗಲ್ಲ ಅಂತ ಗೊತ್ತಾದ ಮರಿ ದೊಡ್ಡ ನಾಯಿಯ ಮುಖದ ಮುಂದಿನಿಂದಲೂ ತಿರುಗಿ ಬರುತ್ತದೆ.

ಕೋಣೆಯ ಅಭ್ಯಾಸಕ್ಕೆ ಹಳೇ ಕೌದಿ ಹಾಸಿ, ಅಗಿಯೋಕೆ ಏನಾದರೂ ಕೊಟ್ಟು ಬಾಗಿಲು ಮುಂದೆ ಮಾಡಿ. ಮೊದಲು ಒಂದೆರಡು ನಿಮಿಷ. ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ. ನೆಂಟರು ಬಂದ ದಿನವೇ ಮೊದಲ ಸಲ ಕೋಣೆಗೆ ಹಾಕಿದರೆ ಮರಿ ಮನೆ ಹಾರಿಹೋಗೋ ಹಾಗೆ ಕಿರುಚುತ್ತದೆ, ಬಂದವರಿಗೆ ಪಾಪ ಅನ್ನಿಸಿ ಯಾರೋ ಬಾಗಿಲು ತೆಗೆದುಬಿಡುತ್ತಾರೆ.

ಮನೆಯಲ್ಲೂ ಸ್ವಲ್ಪ ಬದಲಾವಣೆ ಬೇಕು. ಈಗೆಲ್ಲ ಟೈಲ್ಸ್, ಗ್ರಾನೈಟ್ ನೆಲ. ಸೊಂಟ ನೋವಿರೋ ನಾಯಿ ಇದರ ಮೇಲೆ ಜಾರಿ ಜಾರಿ ನಡೆಯುತ್ತದೆ. ಹಾಗೆ ಜಾರೋ ನಾಯಿಗೆ ಮರಿ ಬಂದು ಡಿಕ್ಕಿ ಹೊಡೆದರೆ ಓಡಿಹೋಗೋಕೂ ಆಗಲ್ಲ, ಬಾಯಿ ಹಾಕೋದೊಂದೇ ದಾರಿ. ಅದು ಓಡಾಡೋ ಕಡೆ ಚಾಪೆ, ಗೋಣಿಚೀಲ ಹಾಸಿ. ಮರಿ ಕಾಲಿಡಲಾಗದ ಒಂದು ಜಾಗ ದೊಡ್ಡದಕ್ಕೆ ಬೇಕೇ ಬೇಕು: ಒಂದು ಕೋಣೆ, ಇಲ್ಲಾ ಗ್ರಿಲ್ ಹಾಕಿದ ವರಾಂಡ. ಬಾಗಿಲಿಗೆ ಅಡ್ಡಲಾಗಿ ಪ್ಲೈವುಡ್ ಹಲಗೆ ನಿಲ್ಲಿಸಿದರೂ ನಡೆಯುತ್ತದೆ, ಮರಿ ಹಾರಬಾರದು ಅಷ್ಟೇ. ಮಂಚದ ಕೆಳಗಿನ ಜಾಗ ಲೆಕ್ಕಕ್ಕಿಲ್ಲ. ಅಲ್ಲಿಗೆ ಮರಿಯೂ ನುಗ್ಗುತ್ತದೆ, ಹೊರಗೆ ಬರೋಕೆ ಬೇರೆ ದಾರಿ ಇರಲ್ಲ.

ಕಾರು ಬಂದ ಹೊತ್ತು

ಬೆಂಗಳೂರಿನಿಂದ ದಾವಣಗೆರೆಗೆ ಸುಮಾರು 260 ಕಿಲೋಮೀಟರ್. ಅಷ್ಟು ದೂರ ಕೂತು ಬಂದ ನಾಯಿಯ ಕಾಲು ಮರಗಟ್ಟಿರುತ್ತದೆ, ಉಚ್ಚೆ ತಡೆದುಕೊಂಡಿರುತ್ತದೆ. ಅದು ಇಳಿಯೋ ಹೊತ್ತಿಗೆ ಮರಿ ಗೇಟಿನ ಸಂದಿಯಲ್ಲಿ ಮೂತಿ ತೂರಿಸಿಕೊಂಡು ಕಿರುಚುತ್ತಿದ್ದರೆ ಶುರುವಾತೇ ಕೆಟ್ಟ ಹಾಗೆ. ಕಾರು ಬರೋ ಮುಂಚೆ ಮರಿಯನ್ನು ಕೋಣೆಯಲ್ಲಿ ಬಿಡಿ. ಬಂದ ನಾಯಿ ಬೀದಿಯಲ್ಲಿ ನಾಲ್ಕು ಹೆಜ್ಜೆ ಓಡಾಡಲಿ, ಮೂಸಲಿ, ನೀರು ಕುಡಿಯಲಿ. ಅರ್ಧ ಗಂಟೆ ತಡವಾದರೆ ಯಾರಿಗೂ ನಷ್ಟ ಇಲ್ಲ.

ಮರಿಯನ್ನು ಸುಸ್ತು ಮಾಡಿಸಿ ಭೇಟಿ ಮಾಡಿಸಬೇಕು ಅಂತ ಕೆಲವರು ಬೆಳಗಿಂದ ಓಡಿಸ್ತಾರೆ. ಇದು ತಿರುಗುಬಾಣ ಆಗುತ್ತದೆ. ಮರಿಗಳಿಗೆ ದಿನಕ್ಕೆ 18 ಗಂಟೆಯಷ್ಟು ನಿದ್ದೆ ಬೇಕು. ನಿದ್ದೆಗೆಟ್ಟ ಮರಿ ರಚ್ಚೆ ಹಿಡಿಯುತ್ತದೆ, ಇನ್ನೂ ಜೋರಾಗಿ ಕಚ್ಚುತ್ತದೆ. ಒಂದು ನಿದ್ದೆ ಆಗಿ, ಉಚ್ಚೆ-ಕಕ್ಕ ಮುಗಿಸಿ, ಸ್ವಲ್ಪ ತಿಂದು ಸಮಾಧಾನವಾಗಿರೋ ಹೊತ್ತು ನೋಡಿಕೊಳ್ಳಿ.

ಪಟಾಕಿ ಹೊಡೆಯೋ ರಾತ್ರಿ, ಜಾತ್ರೆಯ ಡೊಳ್ಳು-ಮೈಕಿನ ಗದ್ದಲದ ನಡುವೆ ಮೊದಲ ಭೇಟಿ ಬೇಡವೇ ಬೇಡ. ಎರಡೂ ಮೊದಲೇ ಹೆದರಿರುತ್ತವೆ.

ಮೊದಲ ಭೇಟಿ ಮನೆಯ ಹೊರಗೆ, ಅಕ್ಕಪಕ್ಕ ನಡೆಯುತ್ತಾ

ಹಾಲಿನಲ್ಲಿ ಎದುರುಬದುರು ನಿಲ್ಲಿಸಿ "ಹಲೋ ಹೇಳು" ಅನ್ನೋದನ್ನು ಬಿಟ್ಟುಬಿಡಿ. ಮುಖಕ್ಕೆ ಮುಖ ಕೊಟ್ಟು ನೇರ ಬರೋದು ನಾಯಿಗಳ ಲೋಕದಲ್ಲಿ ಮರ್ಯಾದೆ ಅಲ್ಲ. ಮರ್ಯಾದಸ್ಥ ನಾಯಿ ಸುತ್ತಿ ಬಳಸಿ ಬರುತ್ತದೆ, ನೆಲ ಮೂಸುತ್ತದೆ, ಪಕ್ಕದಿಂದ ಹತ್ತಿರವಾಗುತ್ತದೆ. ಮರಿಗೆ ಇದು ಗೊತ್ತಿಲ್ಲದ್ದರಿಂದ ನಾವೇ ಆ ದಾರಿಯಲ್ಲಿ ನಡೆಸಬೇಕು.

ಇಬ್ಬರು ಬೇಕು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ನಾಯಿ. ಬಡಾವಣೆಯ ಅಗಲ ರಸ್ತೆ ಇಲ್ಲವೇ ಪಕ್ಕದ ಖಾಲಿ ಸೈಟು ಸಾಕು. ಬೀದಿನಾಯಿಗಳ ಗುಂಪು ಯಾವ ತಿರುವಿನಲ್ಲಿ ಮಲಗುತ್ತದೆ ಅಂತ ನಿಮಗೆ ಗೊತ್ತೇ ಇರುತ್ತದೆ, ಆ ಕಡೆ ಬೇಡ. ಬೇಸಿಗೆಯಲ್ಲಿ ನಮ್ಮ ಊರಿನ ಟಾರು ರಸ್ತೆ ಸಂಜೆಯಾದರೂ ಕಾದಿರುತ್ತದೆ. ಅಂಗೈ ಹಿಂಭಾಗ ರಸ್ತೆಗೆ ಒತ್ತಿ ಏಳೆಂಟು ಸೆಕೆಂಡ್ ಇಡೋಕೆ ಆಗದಿದ್ದರೆ ನಾಯಿಯ ಪಾದಕ್ಕೂ ಆಗಲ್ಲ. ಬೆಳಿಗ್ಗೆ ಬಿಸಿಲೇರುವ ಮುಂಚೆ ಹೋಗೋದು ಒಳ್ಳೇದು.

ಮೊದಲು 15-20 ಅಡಿ ಅಂತರದಲ್ಲಿ ಎರಡೂ ಒಂದೇ ದಿಕ್ಕಿಗೆ ನಡೆಯಲಿ. ಮಧ್ಯೆ ಇಬ್ಬರು ಮನುಷ್ಯರು, ಆಚೆ ಈಚೆ ನಾಯಿಗಳು. ಚೈನು ಸಡಿಲವಾಗಿರಲಿ. ಚೈನು ಬಿಗಿದು ಹಿಡಿದರೆ ನಾಯಿಯ ಎದೆ ಮುಂದೆ ಬಂದು ತಲೆ ಮೇಲೇಳುತ್ತದೆ, ಎದುರಿನದ್ದಕ್ಕೆ ಅದು ಜಗಳಕ್ಕೆ ಬಂದ ಹಾಗೆ ಕಾಣುತ್ತದೆ. ಮರಿ ಎಳೆದಾಡಿದರೆ ನಿಂತುಬಿಡಿ, ನಿಮ್ಮ ಕಡೆ ತಿರುಗಿದಾಗ ಒಂದು ಚೂರು ತಿನ್ನೋಕೆ ಕೊಟ್ಟು ಮುಂದೆ ಹೋಗಿ. ಎರಡೂ ನೆಲ ಮೂಸುತ್ತಾ, ಒಂದನ್ನೊಂದು ಒಮ್ಮೆ ನೋಡಿ ಮತ್ತೆ ದಾರಿ ನೋಡುತ್ತಿದ್ದರೆ ಅಂತರ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ. ದೊಡ್ಡ ನಾಯಿ ಮರಿಯ ಹಿಂಭಾಗ ಮೂಸಲಿ. ಒಂದು, ಎರಡು, ಮೂರು ಎಣಿಸಿ, "ಬಾ ಬಾ" ಅಂತ ಖುಷಿಯಾಗಿ ಕರೆದು ಮತ್ತೆ ನಡೆಯಿರಿ. ಮೂರು ಸೆಕೆಂಡಿನಲ್ಲಿ ಜಗಳ ಹುಟ್ಟೋದು ಅಪರೂಪ. ಹತ್ತು ಸೆಕೆಂಡ್ ಬಿಟ್ಟರೆ ಮರಿ ಮುಖಕ್ಕೆ ಹಾರಿರುತ್ತದೆ. ಹೀಗೆ ನಾಲ್ಕಾರು ಸಲ ಆದ ಮೇಲೆ ಇಬ್ಬರ ಕುತೂಹಲವೂ ಇಳಿದಿರುತ್ತದೆ, ಆಗ ಮನೆಗೆ ಬನ್ನಿ.

ಲಸಿಕೆ ಮುಗಿಯದ ಮರಿಯಾದರೆ ಇದೇ ಕೆಲಸವನ್ನು ಕಾಂಪೌಂಡ್ ಒಳಗೋ ಟೆರೇಸಿನಲ್ಲೋ ಮಾಡಿ.

ಒಳಗೆ ಬರುವಾಗ ದೊಡ್ಡ ನಾಯಿ ಮೊದಲು. ಅದು ಕೋಣೆ ಕೋಣೆ ಮೂಸಿ ಮುಗಿಸಲಿ, ತನ್ನ ಜಾಗ ನೋಡಿಕೊಳ್ಳಲಿ. ಅದಕ್ಕೂ ಮುಂಚೆ ಮರಿಯ ಬಟ್ಟಲು, ಮೂಳೆ, ಚೆಂಡು ಎಲ್ಲ ಎತ್ತಿಟ್ಟಿರಬೇಕು. ಆಮೇಲೆ ಮರಿ ಒಳಗೆ ಬರಲಿ. ಅದರ ಚೈನು ಬಿಚ್ಚಬೇಡಿ, ನೆಲದ ಮೇಲೆ ಎಳೆದುಕೊಂಡು ಓಡಾಡಲಿ. ಬೇಕಾದಾಗ ಚೈನಿನ ತುದಿ ಮೆಟ್ಟಿ ನಿಲ್ಲಿಸಬಹುದು. ಮರಿಯನ್ನು ಹಿಡಿಯೋಕೆ ಎರಡು ನಾಯಿಗಳ ಮಧ್ಯೆ ಕೈ ಹಾಕೋ ಪ್ರಸಂಗ ತಪ್ಪುತ್ತದೆ.

ದೊಡ್ಡ ನಾಯಿ ಏನು ಹೇಳ್ತಿದೆ ನೋಡಿ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಎಲ್ಲರೂ ಮರಿಯನ್ನೇ ನೋಡ್ತಿರ್ತಾರೆ, ಮುದ್ದಾಗಿರುತ್ತಲ್ಲ. ಕಣ್ಣಿಡಬೇಕಾದ್ದು ದೊಡ್ಡದರ ಮೇಲೆ.

ಚಿತ್ರದುರ್ಗದಿಂದ ನಮ್ಮ ಚಿಕ್ಕಮ್ಮನ ಜತೆ ಸೋನು ಬರುತ್ತದೆ. ಬಿಳಿ ಪೊಮೇರಿಯನ್, ವಯಸ್ಸಾಗಿದೆ, ಒಂದು ಕಣ್ಣಿಗೆ ಪೊರೆ ಬಂದಿದೆ. ನಮ್ಮ ಮರಿ ಗುಂಡ ಹತ್ತಿರ ಹೋದಾಗ ಅದು ಮೊದಲು ತಲೆಯನ್ನು ಪಕ್ಕಕ್ಕೆ ತಿರುಗಿಸುತ್ತದೆ, ಗೋಡೆಯಲ್ಲಿ ಏನೋ ಇದೆ ಅನ್ನೋ ಹಾಗೆ. ಗುಂಡ ಇನ್ನೂ ಹತ್ತಿರವಾದರೆ ನಾಲಿಗೆ ಸರಕ್ಕನೆ ಹೊರಬಂದು ಮೂಗು ಸವರಿ ಒಳಗೆ ಹೋಗುತ್ತದೆ. ಎದುರಿಗೆ ತಿನ್ನೋದೇನೂ ಇರಲ್ಲ. ಆಮೇಲೆ ಒಂದು ದೊಡ್ಡ ಆಕಳಿಕೆ. ಮಧ್ಯಾಹ್ನ ಪೂರ್ತಿ ಮಲಗಿ ಎದ್ದ ನಾಯಿಗೆ ಯಾವ ನಿದ್ದೆ? ಅಷ್ಟರಲ್ಲಿ ಕಿವಿ ಹಿಂದಕ್ಕೆ ಅಂಟಿಕೊಂಡಿರುತ್ತದೆ, ಮುಂಗಾಲಿನ ಮೇಲಿನ ಭಾರ ಹಿಂದಕ್ಕೆ ಸರಿದಿರುತ್ತದೆ. ಇನ್ನೊಂದು ಗಳಿಗೆ ಬಿಟ್ಟರೆ ಬಾಯಿ ಮುಚ್ಚಿ, ಉಸಿರು ಹಿಡಿದು, ಮೈ ಕಲ್ಲಿನ ಹಾಗೆ ನಿಲ್ಲುತ್ತದೆ. ಓರೆಗಣ್ಣಿನ ಅಂಚಿನಲ್ಲಿ ಬಿಳಿ ಕಾಣುತ್ತದೆ. ಗುರ್ ಅನ್ನೋದು ಇದಾದ ಮೇಲೆ. ಹಲ್ಲು ತೋರಿಸೋದು, ಗಾಳಿಯಲ್ಲಿ ಕಟ್ ಅಂತ ಬಾಯಿ ಹಾಕೋದು, ಕಚ್ಚೋದು ಎಲ್ಲ ಅದಕ್ಕೂ ಆಮೇಲೆ.

ಅಂದರೆ ಗುರ್ ಅನ್ನೋ ಹೊತ್ತಿಗೆ ಅದು ನಾಲ್ಕೈದು ಸಲ ಬೇಡ ಅಂದಾಗಿದೆ. ತಲೆ ತಿರುಗಿಸಿದಾಗಲೋ ನಾಲಿಗೆ ಸವರಿದಾಗಲೋ ಮರಿಯನ್ನು ಕರೆದುಬಿಡಿ. ನೀವು ಹೀಗೆ ನಾಲ್ಕಾರು ಸಲ ಮಾಡಿದರೆ ದೊಡ್ಡ ನಾಯಿಗೂ ಧೈರ್ಯ ಬರುತ್ತದೆ, ಈ ಮನೆಯಲ್ಲಿ ನನ್ನ ಮಾತು ನಡೆಯುತ್ತೆ ಅಂತ. ಆಮೇಲೆ ಅದೇ ಸಡಿಲವಾಗುತ್ತದೆ.

ಗುರ್ ಅಂದ ನಾಯಿಗೆ ಗದರಬೇಡಿ, ದಯವಿಟ್ಟು. ನೆಂಟರು ಮುಜುಗರದಿಂದ "ಏಯ್, ಚಿಕ್ಕದು ಅದು, ಸುಮ್ನಿರು" ಅಂತ ತಮ್ಮ ನಾಯಿಯ ತಲೆಗೆ ಹೊಡೆಯೋದು ನೋಡಿದ್ದೇನೆ. ಗುರ್ ಅನ್ನೋದು ಎಚ್ಚರಿಕೆ. ಎಚ್ಚರಿಕೆ ಕೊಟ್ಟಿದ್ದಕ್ಕೆ ಏಟು ಬಿದ್ದರೆ ಮುಂದಿನ ಸಲ ಎಚ್ಚರಿಕೆ ಇಲ್ಲದೆ ಹಲ್ಲು ಬರುತ್ತದೆ. "ಪರವಾಗಿಲ್ಲ ಭಾವ, ತಪ್ಪು ಅದರದ್ದಲ್ಲ, ಮರಿಯನ್ನು ಕರ್ಕೊಂಡು ಹೋಗ್ತೀನಿ" ಅಂತ ಹೇಳಿ ಎದ್ದುಬಿಡಿ. ನೆಂಟರಿಗೂ ಸಮಾಧಾನ, ನಾಯಿಗೂ ಸಮಾಧಾನ.

ಬಾಲ ಅಲ್ಲಾಡಿಸಿದರೆ ಖುಷಿ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಇಡೀ ಸೊಂಟ ಸೇರಿ ಸಡಿಲವಾಗಿ ಆಡಿದರೆ ಖುಷಿ, ನಿಜ. ಬಾಲ ಮೇಲೆ ನೆಟ್ಟಗೆ ನಿಂತು ತುದಿ ಮಾತ್ರ ಬಿಗಿಯಾಗಿ ಅದುರುತ್ತಿದ್ದರೆ, ಬೆನ್ನ ಮೇಲಿನ ಕೂದಲು ನಿಮಿರಿದ್ದರೆ ಅದು ಖುಷಿಯ ಲಕ್ಷಣ ಅಲ್ಲ.

ದೊಡ್ಡ ನಾಯಿ ಒಮ್ಮೆ ಗದರಿದ್ದೆಲ್ಲ ಅನಾಹುತ ಅಂತಲೂ ಅಲ್ಲ. ಒಂದು ಗುರ್, ಗಾಳಿಯಲ್ಲಿ ಒಂದು ಬಾಯಿ, ಮರಿ ಕುಂಯ್ ಅಂತ ಹಿಂದೆ ಸರಿದರೆ ದೊಡ್ಡದು ಅಲ್ಲಿಗೇ ಬಿಟ್ಟು ಮಲಗಿಬಿಡೋದು, ಇದು ನಾಯಿಗಳ ನಡುವಿನ ನ್ಯಾಯವಾದ ಮಾತುಕತೆ. ಆದರೂ ಮರಿಯನ್ನು ಈಚೆ ತನ್ನಿ. ಮರಿ ಸರಿದ ಮೇಲೂ ದೊಡ್ಡದು ಅಟ್ಟಿಸಿಕೊಂಡು ಹೋದರೆ, ಕೆಳಗೆ ಕೆಡವಿ ಮೇಲೆ ನಿಂತು ಬಿಡದಿದ್ದರೆ, ಮರಿ ಬಾಲ ಮುದುರಿ ಮೂಲೆ ಸೇರಿ ಆಮೇಲೆ ಹೊರಗೇ ಬರದಿದ್ದರೆ ಅವತ್ತಿಗೆ ಮುಖಾಮುಖಿ ಸಾಕು. ಚಿಕ್ಕ ವಯಸ್ಸಿನಲ್ಲಿ ಬಿದ್ದ ಅಂಥ ಹೆದರಿಕೆ ದೊಡ್ಡವಾದ ಮೇಲೂ ಉಳಿದುಬಿಡುತ್ತದೆ.

ಆಟ ಶುರುವಾದರೆ

ಕೆಲವು ಹಿರಿಯ ನಾಯಿಗಳು ಆಟಕ್ಕೆ ಇಳಿಯುತ್ತವೆ. ಮುಂಗಾಲು ಚಾಚಿ, ಎದೆ ನೆಲಕ್ಕೆ ತಾಗಿಸಿ, ಹಿಂಭಾಗ ಮೇಲೆತ್ತಿದರೆ ಅದು ಆಟದ ಕರೆ. ಬಾಯಿ ಸಡಿಲ, ಮೈ ಸಡಿಲ, ಒಮ್ಮೆ ಇದು ಅಟ್ಟಿಸಿದರೆ ಒಮ್ಮೆ ಅದು, ಮಧ್ಯೆ ಮಧ್ಯೆ ನಿಂತು ಮೈ ಕೊಡವಿಕೊಳ್ಳೋದು. ಹೀಗಿದ್ದರೆ ನೋಡ್ತಾ ಇರಿ.

ಸಂಶಯ ಬಂದರೆ ಒಂದು ಸುಲಭ ಪರೀಕ್ಷೆ ಇದೆ. ಮರಿಯನ್ನು ಒಂದು ಕ್ಷಣ ಹಿಡಿದು ನಿಲ್ಲಿಸಿ. ದೊಡ್ಡದು ವಾಪಸ್ ಬಂದು ಮರಿಯನ್ನು ಕೆಣಕಿದರೆ ಅದಕ್ಕೂ ಆಟ ಬೇಕಾಗಿದೆ. ಸಿಕ್ಕಿದ್ದೇ ಸಾಕು ಅಂತ ಆಚೆ ಹೋದರೆ ಅಲ್ಲಿಗೆ ಆಟ ಮುಗೀತು. ಚೆನ್ನಾಗಿ ಆಡುತ್ತಿದ್ದರೂ ಐದು ನಿಮಿಷಕ್ಕೊಮ್ಮೆ ಬಿಡಿಸಿ, ನೀರು ಕುಡಿಸಿ, ಉಸಿರು ಇಳಿಯಲಿ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ಭಾರೀ ನಾಯಿ ಪ್ರೀತಿಯಿಂದ ಕಾಲು ಹಾಕಿದರೂ ಎಳೆ ಮೂಳೆಗೆ ಪೆಟ್ಟಾಗಬಹುದು. ಮುಧೋಳದ ನಾಯಿಯ ಓಟದ ವೇಗಕ್ಕೆ ಮರಿ ಸಿಕ್ಕಿಹಾಕಿಕೊಂಡರೂ ಅಷ್ಟೇ.

ಎರಡು ನಾಯಿ ನೆಂಟರು ಒಟ್ಟಿಗೆ ಬಂದಿದ್ದರೆ ಒಂದೊಂದರ ಜತೆ ಬೇರೆ ಬೇರೆ ಭೇಟಿ ಮಾಡಿಸಿ. ಎರಡು ದೊಡ್ಡವು ಒಟ್ಟಾಗಿ ಒಂದು ಮರಿಯನ್ನು ಅಟ್ಟೋದು ಆಟದಂತೆ ಶುರುವಾಗಿ ಬೇಟೆಯಂತೆ ಆಗಿಬಿಡಬಹುದು.

ದೀಪ ಹಚ್ಚೋ ಹೊತ್ತಿಗೆ ಮರಿಗಳಿಗೆ ಒಂದು ಹುಚ್ಚು ಬರುತ್ತದೆ. ಸೋಫಾ ಸುತ್ತ, ಮೆಟ್ಟಿಲ ಮೇಲೆ, ಹಿತ್ತಲಿಗೆ, ಮತ್ತೆ ಒಳಗೆ. ದೊಡ್ಡ ನಾಯಿ ದಣಿದು ಮಲಗೋದೂ ಅದೇ ಹೊತ್ತು. ಆ ಒಂದು ಗಂಟೆ ಎರಡನ್ನೂ ಬೇರೆ ಇಡಿ. ಮರಿಯ ಊಟದ ಕಾಳನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ ಕೊಟ್ಟರೆ ಬಿಚ್ಚಿ ಹುಡುಕಿ ತಿನ್ನುತ್ತಾ ತಣ್ಣಗಾಗುತ್ತದೆ.

ತಟ್ಟೆ ಬೇರೆ, ಕೋಣೆ ಬೇರೆ

ಊಟ ಯಾವತ್ತೂ ಮುಚ್ಚಿದ ಬಾಗಿಲಿನ ಎರಡು ಕಡೆ. ಬಟ್ಟಲು ಎತ್ತಿ ತೊಳೆದಿಟ್ಟ ಮೇಲೆ ಬಾಗಿಲು ತೆಗೆಯಿರಿ. ಮನೆಯಲ್ಲಿ ಎಷ್ಟೇ ಸಾಧುವಾದ ನಾಯಿಯೂ ಪರಸ್ಥಳದಲ್ಲಿ ತನ್ನ ತಟ್ಟೆ ಕಾಯುತ್ತದೆ. ಮೂಳೆಯಂತೂ ಒಟ್ಟಿಗೆ ಇದ್ದಾಗ ಕೊಡಲೇಬೇಡಿ. ಬೇಯಿಸಿದ ಮೂಳೆ ಚೂಪಾಗಿ ಒಡೆದು ಗಂಟಲು, ಕರುಳು ಚುಚ್ಚೋದರಿಂದ ಬೇರೆಯಾಗಿದ್ದಾಗಲೂ ಬೇಡ.

ನೆಂಟರು ಬಂದರೆ ನಮ್ಮಲ್ಲಿ ಮಂಡಕ್ಕಿ-ಮೆಣಸಿನಕಾಯಿ ಬರಲೇಬೇಕು. ಒಗ್ಗರಣೆ ಮಂಡಕ್ಕಿಯಲ್ಲಿ ಈರುಳ್ಳಿ ಇರುತ್ತದೆ. ಈರುಳ್ಳಿ ಹಸಿಯಾಗಲಿ ಬೆಂದದ್ದಾಗಲಿ ನಾಯಿಯ ರಕ್ತಕಣಗಳನ್ನು ಹಾಳು ಮಾಡುತ್ತದೆ. ಪಾಯಸದ ಒಣದ್ರಾಕ್ಷಿ ಕಿಡ್ನಿಗೆ ಕೆಟ್ಟದ್ದು, ಚಾಕೊಲೇಟ್ ಹೃದಯಕ್ಕೆ. ಮಕ್ಕಳು ನೆಲದ ಮೇಲೆ ಕೂತು ತಿನ್ನುತ್ತಿದ್ದರೆ ಅಪಾಯ ಎರಡು: ಬಿದ್ದ ತಿಂಡಿ ಹೊಟ್ಟೆಗೆ ಹೋಗೋದು ಒಂದು, ಅದೇ ಚೂರಿಗೆ ಎರಡು ನಾಯಿ ಒಟ್ಟಿಗೆ ಬಾಯಿ ಹಾಕೋದು ಇನ್ನೊಂದು. ತಿಂಡಿ ಹೊತ್ತಿಗೆ ನಾಯಿಗಳು ಒಳಗೆ.

ದೊಡ್ಡ ನಾಯಿ ಕುಂಟುತ್ತಿದೆ ಅಂತ ಮನೆಯ ನೋವಿನ ಮಾತ್ರೆ ಕೊಡಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ನಾಯಿಗಳಿಗೆ ವಿಷ.

ರಾತ್ರಿ ಬೇರೆ ಬೇರೆ ಮಲಗಿಸಿ, ಬಾಗಿಲು ಹಾಕಿ. ಮನೆಯಲ್ಲಿ ಯಾರೂ ನೋಡಲು ಇಲ್ಲದಿದ್ದಾಗ, ಹತ್ತು ನಿಮಿಷ ಅಂಗಡಿಗೆ ಹೋದಾಗಲೂ ಅಷ್ಟೇ.

ಜಗಳ ಬಿದ್ದೇ ಬಿಟ್ಟರೆ

ಮಧ್ಯೆ ಕೈ ಹಾಕಬೇಡಿ. ನಾಯಿ ಜಗಳದಲ್ಲಿ ಮನುಷ್ಯರಿಗೆ ಗಾಯ ಆಗೋದು ಹೆಚ್ಚಾಗಿ ಹೀಗೇ. ಸ್ಟೀಲ್ ತಟ್ಟೆಯನ್ನು ನೆಲಕ್ಕೆ ಎತ್ತಿ ಹಾಕಿ, ಬಕೆಟ್ ನೀರು ಮುಖಕ್ಕೆ ಎರಚಿ, ಕಂಬಳಿ ಮೇಲೆ ಹಾಕಿ, ಸಿಕ್ಕರೆ ಹಲಗೆಯನ್ನೋ ಕುರ್ಚಿಯನ್ನೋ ನಡುವೆ ತೂರಿಸಿ. ಬಿಡಿಸಿದ ಕೂಡಲೇ ಬೇರೆ ಬೇರೆ ಕೋಣೆ. ಆಮೇಲೆ ಕೂದಲು ಬಿಡಿಸಿ ಬಿಡಿಸಿ ನೋಡಿ. ಹಲ್ಲಿನ ಗಾಯ ಹೊರಗೆ ಕಡ್ಡಿ ಚುಚ್ಚಿದಷ್ಟೇ ಕಾಣಬಹುದು, ಒಳಗೆ ಕೀವು ಕಟ್ಟುತ್ತದೆ. ದನದ ಆಸ್ಪತ್ರೆಗಾಗಲಿ ನಿಮ್ಮ ಡಾಕ್ಟರ ಹತ್ತಿರವಾಗಲಿ ಅವತ್ತೇ ತೋರಿಸಿ.

ಮನುಷ್ಯರಿಗೆ ಹಲ್ಲು ತಾಗಿದ್ದರೆ, ಗೀರು ಆಗಿದ್ದರೂ ಸರಿ, ನಲ್ಲಿ ನೀರು ಬಿಟ್ಟುಕೊಂಡು ಸೋಪಿನಿಂದ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಕಾಫಿಪುಡಿ ಏನನ್ನೂ ಹಚ್ಚಬೇಡಿ. ತಡ ಮಾಡದೆ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಹತ್ತಿರದ ಸರ್ಕಾರಿ ಆಸ್ಪತ್ರೆಗೋ ಹೋಗಿ, ರೇಬಿಸ್ ಲಸಿಕೆ ಬಗ್ಗೆ ಡಾಕ್ಟರ್ ಹೇಳಿದ ಹಾಗೆ ಮಾಡಿ. ಮನೆ ನಾಯಿ, ಲಸಿಕೆ ಹಾಕಿಸಿದೆ ಅಂತ ಸುಮ್ನೆ ಕೂರಬೇಡಿ.

ಹೊಂದದಿದ್ದರೂ ಪರವಾಗಿಲ್ಲ

ಎರಡು ನಾಯಿಗಳು ಗೆಳೆಯರಾಗಲೇಬೇಕು ಅಂತ ಏನೂ ಇಲ್ಲ. ಒಂದೇ ಹಾಲಿನಲ್ಲಿ ಒಂದು ಆ ತುದಿಗೆ, ಒಂದು ಈ ತುದಿಗೆ ಮಲಗಿ ನಿದ್ದೆ ಮಾಡಿದರೆ ಅದು ದೊಡ್ಡ ಗೆಲುವು ಅಂತ ನನ್ನ ಎಣಿಕೆ. ಒಟ್ಟಿಗೆ ಫೋಟೋ ತೆಗೆಯೋ ಆಸೆಗೆ ಇಬ್ಬರನ್ನೂ ಒತ್ತಿ ಕೂರಿಸಬೇಡಿ. ಒಂದೇ ಹಾಲಿನಲ್ಲಿ ಇರೋದೂ ಸಾಧ್ಯವಾಗಲಿಲ್ಲ ಅಂದರೆ ಪಾಳಿ ಹಾಕಿ: ಬೆಳಿಗ್ಗೆ ದೊಡ್ಡದು ಹಾಲಿನಲ್ಲಿ, ಮರಿ ಹಿತ್ತಲಲ್ಲಿ, ಮಧ್ಯಾಹ್ನದ ಮೇಲೆ ಅದಲು ಬದಲು. ಮೂರು ದಿನದ ಮಟ್ಟಿಗೆ ಇದೇನು ಕಷ್ಟ ಅಲ್ಲ.

ನೆಂಟರು ಮತ್ತೆ ಬರೋ ಹೊತ್ತಿಗೆ ಮರಿಗೆ ಏಳೆಂಟು ತಿಂಗಳಾಗಿ ಮೈ ತುಂಬಿರುತ್ತದೆ. ಹರೆಯದ ಧಿಮಾಕು ಬೇರೆ ಸೇರಿರುತ್ತದೆ. ದೊಡ್ಡದಕ್ಕೆ ಇನ್ನಷ್ಟು ವಯಸ್ಸಾಗಿರುತ್ತದೆ. ಹೋದ ಸಲದ ಪರಿಚಯ ಇದೆಯಲ್ಲ ಅಂತ ಬಾಗಿಲು ತೆರೆದು ಬಿಡಬೇಡಿ. ಅವತ್ತೂ ಚೈನು ಹಿಡಿದು, 20 ಅಡಿ ಅಂತರದಲ್ಲಿ ರಸ್ತೆಯಿಂದಲೇ ಶುರು ಮಾಡಿ.